ಕಾಣದ ಬೇನೆ ಮತ್ತು ಕಾಲೇಜಿನ ಓದು

ವಿದ್ಯಾರ್ಥಿ ಜೀವನದ ಕಷ್ಟಗಳನ್ನು ಎಣಿಸುವಾಗ ನಾವು ಸಾಮಾನ್ಯವಾಗಿ ಬಡತನ, ದೂರದ ಊರು, ಪುಸ್ತಕಗಳ ಅಭಾವ, ಇಂಗ್ಲಿಷಿನ ಭಯ ಇವುಗಳನ್ನು ಹೇಳುತ್ತೇವೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳಾದುದರಿಂದ ಇವೆಲ್ಲ ನನಗೂ ಪರಿಚಿತವಾದವುಗಳೇ. ಆದರೆ ಇವುಗಳ ಜೊತೆಗೆ ಸೇರಿಸಬೇಕಾದ ಇನ್ನೊಂದು ಕಷ್ಟವಿದೆ. ಅದು ಹೊರಗೆ ಆರೋಗ್ಯವಂತರಂತೆ ತೋರುವವರ ಒಳಗಿನ ಬೇನೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವನ್ನು ಜೊತೆಗಿಟ್ಟುಕೊಂಡು ನಾನು ಈ ಕಾಲೇಜಿನಲ್ಲಿ ಎರಡು ವರುಷ ಓದಿದ್ದೇನೆ. ನಾನು ವೈದ್ಯಳಲ್ಲ, ಕಾಯಿದೆ ಬಲ್ಲ ಪಂಡಿತಳೂ ಅಲ್ಲ. ಆದರೂ ಅನುಭವದಿಂದ ಮತ್ತು ಓದಿನಿಂದ ತಿಳಿದ ನಾಲ್ಕು ಮಾತುಗಳನ್ನು ಸಹಾಧ್ಯಾಯಿಗಳ ಹಾಗೂ ಗುರುಗಳ ಮುಂದೆ ಇಡಬಯಸುತ್ತೇನೆ. ಇಂಥ ವಿದ್ಯಾರ್ಥಿಗೆ ಕೊಡುವ ಅನುಕೂಲತೆ ದಯೆಯಲ್ಲ, ಅದು ಸರಿಯಾದ ಅಳತೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಈ ರೋಗವೆಂದರೇನು ಎಂಬುದನ್ನು ನೋಡೋಣ. ನಮ್ಮ ಬೆಳಗಾವಿಯ ಕೋಟೆಯನ್ನು ಕಂಡವರಿಗೆ ಇದನ್ನು ತಿಳಿಸುವುದು ಸುಲಭ. ಕೋಟೆಗೆ ಎತ್ತರದ ಗೋಡೆ, ಅದರ ಸುತ್ತ ಆಳವಾದ ಕಂದಕ. ಶತ್ರುಗಳು ಒಳಗೆ ಬರಬಾರದೆಂದು ಹೊರಗೆ ಕಾವಲು. ನಮ್ಮ ಮಿದುಳು ಮತ್ತು ಬೆನ್ನುಹುರಿಗಳಿಗೂ ಇಂಥದೇ ಒಂದು ರಕ್ಷಣೆಯ ಗೋಡೆಯಿದೆ. ರೋಗಾಣುಗಳೊಡನೆ ಕಾದಾಡಬೇಕಾದ ರಕ್ತದೊಳಗಿನ ಕಾವಲುಗಾರ ಕಣಗಳು ಈ ರೋಗದಲ್ಲಿ ಆ ಗೋಡೆಯನ್ನು ದಾಟಿ ಒಳನುಗ್ಗಿ, ತಮ್ಮವರನ್ನೇ ಶತ್ರುಗಳೆಂದು ತಿಳಿದು ಹೊಡೆಯುತ್ತವೆ. ಅವು ಹೊಡೆಯುವುದು ಮುಖ್ಯವಾಗಿ ಮಯಲಿನ್ ಎಂಬ ಹೊದಿಕೆಯನ್ನು. ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಹೇಗೋ ನರತಂತುವಿಗೆ ಮಯಲಿನ್ ಹಾಗೆ. ಅದು ಹರಿದಲ್ಲಿ ಮಿದುಳಿನ ಆಜ್ಞೆ ಕೈಕಾಲುಗಳಿಗೆ ತಡವಾಗಿ ಮುಟ್ಟುತ್ತದೆ, ಕೆಲವೊಮ್ಮೆ ಮುಟ್ಟುವುದೇ ಇಲ್ಲ. ಗಾಯ ಮಾಯ್ದ ಜಾಗ ಗಡುಸಾಗುತ್ತದೆ. ಸ್ಕ್ಲೆರೋಸಿಸ್ ಎಂದರೆ ಗಡುಸಾಗುವುದು, ಮಲ್ಟಿಪಲ್ ಎಂದರೆ ಅನೇಕ. ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೋ ಎಂಬ ಪ್ರಸಿದ್ಧ ವೈದ್ಯನು 1868ರಲ್ಲಿ ಇದನ್ನು ಒಂದು ಪ್ರತ್ಯೇಕ ರೋಗವೆಂದು ಸ್ಪಷ್ಟವಾಗಿ ವರ್ಣಿಸಿದನು.

ಇದು ಬಹುಮಟ್ಟಿಗೆ 20 ರಿಂದ 40 ವರುಷದ ವಯಸ್ಸಿನಲ್ಲಿ, ಅಂದರೆ ಓದುವ ಮತ್ತು ದುಡಿಯುವ ಕಾಲದಲ್ಲೇ ತಲೆದೋರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇದು ಅಂಟುರೋಗವಲ್ಲ. ಅನೇಕರಲ್ಲಿ ಇದು ಕೆಲವು ವಾರ ಕೆರಳಿ, ಮತ್ತೆ ಕೆಲವು ತಿಂಗಳು ತಣ್ಣಗಿರುತ್ತದೆ. ಸಂಪೂರ್ಣ ಗುಣಪಡಿಸುವ ಔಷಧ ಇಲ್ಲ. ಆದರೆ ಕೆರಳುವುದನ್ನು ಕಡಿಮೆ ಮಾಡುವ ಔಷಧಗಳಿವೆ. ಅಂಥ ಮೊದಲನೆಯ ಔಷಧಕ್ಕೆ ಅಮೇರಿಕೆಯಲ್ಲಿ 1993ರಲ್ಲಿ ಅನುಮತಿ ದೊರೆಯಿತು.

ನನಗೆ ಇದು ತೋರಿದ್ದು ಕಣ್ಣಿನಲ್ಲಿ. ನಮ್ಮ ಖಾನಾಪುರದ ಕಡೆ ಮಣ್ಣೂ ಕೆಂಪು, ಮನೆಯ ಹಂಚೂ ಕೆಂಪು. ಬಿ.ಎ. ಮೊದಲ ವರ್ಷದ ಕೊನೆಗೆ ನನ್ನ ಬಲಗಣ್ಣಿಗೆ ಆ ಕೆಂಪು ಹಲವು ಸಲ ಒಗೆದ ಸೀರೆಯ ಹಾಗೆ ಮಾಸಿ ಕಾಣತೊಡಗಿತು. ಕಣ್ಣು ಹೊರಳಿಸಿದರೆ ನೋವು. ಅದು ಚಷ್ಮಾದಿಂದ ಹೋಗುವ ದೋಷವಾಗಿರಲಿಲ್ಲ, ಕಣ್ಣಿನ ನರದ ಉರಿಯೂತವಾಗಿತ್ತು. ಮುಂದೆ ಬಲಗೈ ಬೆರಳುಗಳು ಜೋಮು ಹಿಡಿದವು. ಎಂ.ಆರ್.ಐ. ಚಿತ್ರ ತೆಗೆದ ಮೇಲೆ ರೋಗಕ್ಕೆ ಹೆಸರು ಸಿಕ್ಕಿತು. ಹಂಚಿನ ಕಾರ್ಖಾನೆಯಲ್ಲಿ ದುಡಿಯುವ ಅಪ್ಪನಿಗೂ ಓದು ಬಾರದ ಅವ್ವನಿಗೂ ಆ ಹೆಸರನ್ನು ಉಚ್ಚರಿಸುವುದೇ ಕಷ್ಟ. ಅವ್ವ ಅದನ್ನು ‘ನರದ ಬ್ಯಾನಿ’ ಎನ್ನುತ್ತಾಳೆ, ಅದು ತಪ್ಪಲ್ಲ. “ಸಾಕಾತು, ಮನ್ಯಾಗ ಇರಲಿ” ಎಂದು ಬಂಧುಗಳು ಹೇಳಿದರು. ಅಪ್ಪ ಒಂದು ದಿನವೆಲ್ಲ ಯೋಚಿಸಿ, “ಕುಂತಲ್ಲೇ ಮಾಡೂ ಕೆಲಸ ಬೇಕಂದ್ರ ಓದೇ ಬೇಕಲ್ಲ” ಎಂದನು. ಆದುದರಿಂದ ನನ್ನ ಪಾಲಿಗೆ ಪದವಿ ಎಂಬುದು ಅಲಂಕಾರವಲ್ಲ, ಮುಂದೆ ಕಾಲು ಸೋತರೂ ಕೈ ಹಿಡಿಯುವ ಆಧಾರ.

ಈ ರೋಗ ಓದಿಗೆ ಮುಖ್ಯವಾಗಿ ಮೂರು ಕಡೆಯಿಂದ ಅಡ್ಡ ಬರುತ್ತದೆ. ಮೊದಲನೆಯದು ಆಯಾಸ. ಇದು ಹೊಲದ ಕೆಲಸ ಮಾಡಿ ಬಂದ ದಣಿವಲ್ಲ. ಏನೂ ಮಾಡದೆ ಕುಳಿತಾಗಲೂ, ಎಣ್ಣೆ ತೀರಿದ ದೀಪದಂತೆ ಶಕ್ತಿ ಇಳಿದುಹೋಗುತ್ತದೆ. ಎರಡನೆಯದು ಕೈ ಮತ್ತು ಕಣ್ಣು. ಅರ್ಧ ಗಂಟೆ ಬರೆದರೆ ಅಕ್ಷರಗಳು ಸೊಟ್ಟಗಾಗುತ್ತವೆ, ಸಣ್ಣ ಅಚ್ಚು ಮಸಕಾಗುತ್ತದೆ. ಮೂರನೆಯದು ಸೆಕೆ. ಶ್ರಮಪಟ್ಟಾಗ ಇಂಥ ರೋಗಿಗಳ ದೃಷ್ಟಿ ಸ್ವಲ್ಪ ಕಾಲ ಮಂದವಾಗುವುದನ್ನು ಊಟ್‌ಹಾಫ್ ಎಂಬ ಜರ್ಮನ್ ನೇತ್ರವೈದ್ಯನು 1890ರಲ್ಲಿ ಗುರುತಿಸಿದನು. ಮೈಯ ಶಾಖ ತುಸು ಏರಿದರೂ ಹೊದಿಕೆ ಹರಿದ ನರದಲ್ಲಿ ಸಂದೇಶ ಕುಂಠಿತವಾಗುವುದೇ ಇದಕ್ಕೆ ಕಾರಣ. ಮೈ ತಂಪಾದರೆ ಮತ್ತೆ ಸರಿಹೋಗುತ್ತದೆ. ಖಾನಾಪುರದ ಮಳೆಯನ್ನು ಎಲ್ಲರೂ ಬೈಯುವಾಗ ನಾನು ಮಾತ್ರ ಸಂತೋಷಪಡುವುದಕ್ಕೆ ಕಾರಣ ಇದೇ. ಏಪ್ರಿಲ್, ಮೇ ತಿಂಗಳುಗಳೇ ನನಗೆ ಕಠಿಣ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ನಮಗೆಲ್ಲ ಗೊತ್ತು. ನನ್ನ ತೊಡಕೆಂದರೆ ಹಾಸಿಗೆಯ ಅಳತೆ ದಿನಕ್ಕೊಂದು. ಆದುದರಿಂದ ನಾನು ಕೆಲವು ನಿಯಮಗಳನ್ನು ಮಾಡಿಕೊಂಡಿದ್ದೇನೆ. ಕಠಿಣವಾದ ಪಾಠವನ್ನು ಬೆಳಗಿನ ತಂಪಿನಲ್ಲಿ 5 ರಿಂದ 7ರ ಒಳಗೆ ಓದುವುದು. ನಲವತ್ತು ನಿಮಿಷಕ್ಕೆ ಒಮ್ಮೆ ಹತ್ತು ನಿಮಿಷ ಕಣ್ಣು ಮುಚ್ಚಿ ಮಲಗುವುದು. ಟಿಪ್ಪಣಿಗಳನ್ನು ನನ್ನ ಧ್ವನಿಯಲ್ಲೇ ಮೊಬೈಲಿನಲ್ಲಿ ಮುದ್ರಿಸಿಕೊಂಡು ಬಸ್ಸಿನಲ್ಲಿ ಕೇಳುವುದು. ಒದ್ದೆ ಮಾಡಿದ ಕರವಸ್ತ್ರವನ್ನು ಕುತ್ತಿಗೆಗೆ ಹಾಕಿಕೊಳ್ಳುವುದು. ಒಳ್ಳೆಯ ದಿನ ಬಂತೆಂದು ಎರಡು ದಿನದ ಕೆಲಸವನ್ನು ಒಂದೇ ದಿನ ಮಾಡದಿರುವುದು. ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಕಷ್ಟದ್ದು.

ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರು. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆ ಇಲ್ಲ. ಸೀಟಿನ ಚಿಂತೆ ಮಾತ್ರ ಹೆಚ್ಚಿದೆ. “ಯವ್ವಾ, ನೋಡಾಕ ಗಟ್ಟಿ ಅದೀ, ಏಳ, ನಾ ಕುಂಡ್ರತೀನಿ” ಎನ್ನುವ ಹಿರಿಯರಿಗೆ ಏನು ಹೇಳಲಿ? “ಆಯೀ, ನನ್ನ ಕಾಲಾಗೂ ಶಕ್ತಿ ಇಲ್ರಿ” ಎಂದು ಮೆಲ್ಲನೆ ಹೇಳುವುದನ್ನು ಕಲಿತಿದ್ದೇನೆ. ಬಹಳ ಸಲ ಅವರೇ ಸರಿದು ಜಾಗ ಕೊಡುತ್ತಾರೆ. ಕಾಣದ ಬೇನೆಯನ್ನು ಬಾಯಿಬಿಟ್ಟು ಹೇಳಿದಾಗ ಮಾತ್ರ ಜನಕ್ಕೆ ತಿಳಿಯುತ್ತದೆ.

ಕಾಲೇಜಿನಲ್ಲಿಯೂ ಹೀಗೆಯೇ ಆಯಿತು. ವೈದ್ಯರ ಪತ್ರದೊಡನೆ ಪ್ರಾಚಾರ್ಯರಿಗೆ ಅರ್ಜಿ ಕೊಟ್ಟೆನು. ಮೇಲಿನ ಮಹಡಿಯ ನಮ್ಮ ಎರಡು ತರಗತಿಗಳು ಕೆಳಗೆ ಬಂದವು. ಬಾಗಿಲ ಬಳಿಯ ಬಾಕು ನನ್ನದಾಯಿತು. ಈ ರೋಗದಲ್ಲಿ ಮೂತ್ರವನ್ನು ತಡೆಯುವುದು ಕೆಲವೊಮ್ಮೆ ಸಾಧ್ಯವಾಗುವುದಿಲ್ಲ. ಹೇಳಲು ಸಂಕೋಚವಾದರೂ ಹೇಳಲೇಬೇಕಾದ ಮಾತಿದು. ಅನುಮತಿ ಕೇಳದೆ ಎದ್ದು ಹೋಗಬಹುದೆಂಬ ಒಂದು ಮಾತಿನಿಂದ ನನ್ನ ಅರ್ಧ ಭಯ ಕಳೆಯಿತು. ಇವುಗಳಲ್ಲಿ ಯಾವುದಕ್ಕೂ ಒಂದು ಪೈಸೆಯ ಖರ್ಚಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಕಾಯಿದೆಯ ಮಾತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿತು. ಹಳೆಯ ಕಾಯಿದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದರೆ ಇದರಲ್ಲಿ 21 ಬಗೆಗಳಿವೆ. ಮಲ್ಟಿಪಲ್ ಸ್ಕ್ಲೆರೋಸಿಸ್ಸಿನ ಹೆಸರು ಆ ಪಟ್ಟಿಯಲ್ಲಿ ಸ್ಪಷ್ಟವಾಗಿದೆ. ಪ್ರತಿಯೊಬ್ಬ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಅನುಕೂಲತೆಯನ್ನು ಒದಗಿಸಬೇಕೆಂದು ಅದರ 16ನೆಯ ಕಲಮು ವಿದ್ಯಾಸಂಸ್ಥೆಗಳಿಗೆ ವಿಧಿಸುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಮತ್ತು ಲಿಪಿಕಾರರ ನೆರವಿನ ಮಾತು 17ನೆಯ ಕಲಮಿನಲ್ಲಿದೆ. ಕೇಂದ್ರ ಸರಕಾರದ 2018ರ ಮಾರ್ಗಸೂಚಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚಿನ ಸಮಯವನ್ನು ಗೊತ್ತುಪಡಿಸಿತು. ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ.

ಆದರೆ ಒಂದು ತೊಡಕಿತ್ತು. ಶೇಕಡಾ 40ರಷ್ಟು ವೈಕಲ್ಯ ಇದ್ದವರಿಗೆ ಮಾತ್ರ ಈ ಸೌಲಭ್ಯವೆಂಬ ವಾದವಿತ್ತು. ನನ್ನಂಥವರ ರೋಗ ಇಂದು ಹೆಚ್ಚು, ನಾಳೆ ಕಡಿಮೆ. ತಪಾಸಣೆಯ ದಿನ ಅದು ತಣ್ಣಗಿದ್ದರೆ ಅಂಕಿ 40ಕ್ಕೆ ಮುಟ್ಟುವುದಿಲ್ಲ, ನನಗೂ ಮುಟ್ಟಲಿಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಶ್ ಕುಮಾರ್ ಎಂಬ ಅಭ್ಯರ್ಥಿಗೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಲಿಪಿಕಾರನನ್ನು ನಿರಾಕರಿಸಲಾಗಿತ್ತು. ಸುಪ್ರೀಂ ಕೋರ್ಟು 2021ರ ಫೆಬ್ರವರಿ 11ರಂದು ಅವರ ಪರವಾಗಿ ತೀರ್ಪಿತ್ತಿತು. ಲಿಪಿಕಾರನ ನೆರವನ್ನು 40ರ ಗೆರೆಗೆ ಕಟ್ಟಿಹಾಕುವಂತಿಲ್ಲ ಎಂಬುದು ಅದರ ಸಾರ. ಅದರ ಫಲವಾಗಿ 2022ರ ಆಗಸ್ಟ್ 10ರಂದು, 40ಕ್ಕಿಂತ ಕಡಿಮೆ ವೈಕಲ್ಯವಿದ್ದು ಬರೆಯಲು ತೊಂದರೆಯುಳ್ಳವರಿಗಾಗಿ ಪ್ರತ್ಯೇಕ ಮಾರ್ಗಸೂಚಿ ಹೊರಟಿತು. ಇಂಥ ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ, ಬೇಕಾದವರು ಪರೀಕ್ಷೆಗೆ ಎರಡು ತಿಂಗಳ ಮುಂಚೆಯೇ ಕಾಲೇಜಿನ ಕಛೇರಿಯಲ್ಲಿ ವಿಚಾರಿಸಿ, ಸರಕಾರಿ ಆಸ್ಪತ್ರೆಯ ಪ್ರಮಾಣಪತ್ರದೊಡನೆ ಅರ್ಜಿ ಕೊಡುವುದು ಒಳಿತು.

ಲಿಪಿಕಾರರು ಸಿಕ್ಕರೆ ಪರೀಕ್ಷೆ ಸುಲಭವಾಯಿತೆಂದು ಕೆಲವರು ತಿಳಿಯುತ್ತಾರೆ. ಅದು ನಿಜವಲ್ಲ. ನನಗೆ ಬರೆದುಕೊಡುವವಳು ಪಿ.ಯು.ಸಿ. ಓದುವ ಹುಡುಗಿ. ಅವಳಿಗೆ ನನ್ನ ವಿಷಯ ಗೊತ್ತಿಲ್ಲ, ಗೊತ್ತಿರಲೂಬಾರದು. ಉತ್ತರವೆಲ್ಲ ನನ್ನ ತಲೆಯಲ್ಲಿ ವಾಕ್ಯವಾಗಿ ಸಿದ್ಧವಾಗಿರಬೇಕು. ಬರೆಯುವಾಗ ಕೈ ಯೋಚನೆಗೆ ಬಿಡುವು ಕೊಡುತ್ತದೆ. ಹೇಳಿ ಬರೆಸುವಾಗ ಆ ಬಿಡುವು ಇಲ್ಲ. ಇತಿಹಾಸದ ನಕಾಶೆಯಲ್ಲಿ ‘ಇಲ್ಲಿ, ಇನ್ನೂ ಕೆಳಗೆ, ನದಿಯ ಬಲಕ್ಕೆ’ ಎಂದು ಸ್ಥಳಗಳನ್ನು ಬಾಯಿಂದಲೇ ತೋರಿಸಬೇಕು. ಇದಕ್ಕಾಗಿ ನಾವಿಬ್ಬರೂ ಆರು ಭಾನುವಾರ ಅಭ್ಯಾಸ ಮಾಡಿದೆವು.

ಕೊನೆಯದಾಗಿ ನನ್ನ ವಿನಂತಿ. ಗುರುಗಳು ಪಾಠದ ಟಿಪ್ಪಣಿಯನ್ನು ದೊಡ್ಡ ಅಕ್ಷರಗಳಲ್ಲಿ ಮುಂಚಿತವಾಗಿ ಕೊಟ್ಟರೆ ನನ್ನೊಬ್ಬಳಿಗಲ್ಲ, ಹಿಂದಿನ ಸಾಲಿನ ಎಲ್ಲರಿಗೂ ಉಪಕಾರವಾಗುತ್ತದೆ. ಹಾಜರಿ ಕಡಿಮೆಯಾದ ವಿದ್ಯಾರ್ಥಿಯನ್ನು ಆಲಸಿ ಎನ್ನುವ ಮುನ್ನ ಒಮ್ಮೆ ಕರೆದು ಕೇಳಬೇಕು. ಸಹಾಧ್ಯಾಯಿಗಳು ‘ನಿನ್ನೆ ಚೆನ್ನಾಗಿದ್ದೆಯಲ್ಲ’ ಎನ್ನುವ ಬದಲು ‘ಇವತ್ತು ಹೇಗಿದ್ದೀ’ ಎಂದು ಕೇಳಿದರೆ ಸಾಕು. ನಮ್ಮ ಕಾಲೇಜಿನಲ್ಲಿ ಬೇರೆ ಬೇರೆ ಬೇನೆಗಳನ್ನು ಬಚ್ಚಿಟ್ಟುಕೊಂಡು ಓದುವವರು ಇನ್ನೂ ಇರಬಹುದು. ಅವರು ಅರ್ಜಿ ಬರೆಯಲು ನಾಚಬಾರದು.

ಪರೀಕ್ಷೆ ಇರುವುದು ವಿದ್ಯಾರ್ಥಿಗೆ ಏನು ತಿಳಿದಿದೆ ಎಂಬುದನ್ನು ಅಳೆಯಲು, ಬೆರಳು ಎಷ್ಟು ಬೇಗ ಓಡುತ್ತದೆ ಎಂಬುದನ್ನು ಅಳೆಯಲು ಅಲ್ಲ. ಕುಂಟುವ ತಕ್ಕಡಿಗೆ ಪಾಸಂಗ ಕಟ್ಟಿ ಸರಿಪಡಿಸಿದರೆ ಯಾರೂ ಅದನ್ನು ದಾನವೆನ್ನುವುದಿಲ್ಲ. ಆ ಒಂದು ಗಂಟೆಯೂ ಆ ಲಿಪಿಕಾರಳೂ ನನ್ನ ಪಾಲಿಗೆ ಅಂಥ ಪಾಸಂಗ. ಈ ವರುಷದ ಫಲಿತಾಂಶದಲ್ಲಿ ನನಗೆ ಎಷ್ಟೇ ಅಂಕಗಳು ಬರಲಿ, ಹೆಚ್ಚಾದರೂ ಕಡಿಮೆಯಾದರೂ, ಅವು ನನ್ನ ಓದಿನ ಅಂಕಗಳೇ ಆಗಿರುತ್ತವೆ.