ಮನೆಯ ಜಲಕೃಷಿಯಲ್ಲಿ ಪೋಷಕದ್ರವದ ಆಮ್ಲಸ್ಥಿತಿಯನ್ನು ಕಾಪಾಡುವ ಕ್ರಮ

ಸಸ್ಯಗಳು ಮಣ್ಣನ್ನು ತಿಂದು ಬೆಳೆಯುವುದಿಲ್ಲ. ಮಣ್ಣಿನ ತೇವದಲ್ಲಿ ಕರಗಿರುವ ಲವಣಗಳನ್ನು ಬೇರುಗಳ ಮೂಲಕ ಹೀರಿಕೊಂಡು ಬೆಳೆಯುವುವು. ಆ ಲವಣಗಳನ್ನು ತಕ್ಕ ಪ್ರಮಾಣದಲ್ಲಿ ನೀರಿನಲ್ಲಿಯೇ ಕರಗಿಸಿ ಒದಗಿಸಿದಲ್ಲಿ ಮಣ್ಣಿನ ಸಂಪರ್ಕವಿಲ್ಲದೆಯೂ ಬೆಳೆ ತೆಗೆಯಬಹುದೆಂಬುದನ್ನು 1860ರ ಸುಮಾರಿನಲ್ಲಿ ಜರ್ಮನಿ ದೇಶದ ಸಾಕ್ಸ್ ಮತ್ತು ಕ್ನಾಪ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ಕ್ಯಾಲಿಫೋರ್ನಿಯಾದ ಹೋಗ್‌ಲೆಂಡ್ ಮತ್ತು ಆರ್ನನ್ ಎಂಬವರು 1938ರಲ್ಲಿ ಪ್ರಕಟಿಸಿದ ದ್ರಾವಣದ ಸೂತ್ರವು ಇಂದಿಗೂ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿರುವುದು. ನಮ್ಮ ದೇಶದಲ್ಲಿ 1946ರಲ್ಲಿ ಶೋಲ್ಟೊ ಡಗ್ಲಾಸ್ ಎಂಬವರು ಬಂಗಾಳದ ಕಾಲಿಂಪಾಂಗಿನಲ್ಲಿ ಈ ವಿಧಾನದ ಪ್ರಯೋಗಗಳನ್ನು ಕೈಕೊಂಡರು. ಈಗಲಾದರೋ ಬೆಂಗಳೂರು ಮೊದಲಾದ ಪಟ್ಟಣಗಳಲ್ಲಿ ಅನೇಕ ಗೃಹಸ್ಥರು ಮಾಳಿಗೆಯ ಮೇಲೆ ಪ್ಲಾಸ್ಟಿಕ್ ಕೊಳವೆಗಳನ್ನೂ ತೊಟ್ಟಿಗಳನ್ನೂ ಇಟ್ಟು ಪಾಲಕ್, ಲೆಟ್ಯೂಸ್, ಪುದೀನ, ಟೊಮ್ಯಾಟೊ ಮೊದಲಾದುವನ್ನು ಬೆಳೆಯುತ್ತಿರುವರು.

ಇವರಲ್ಲಿ ಹಲವರು ಮೊದಲನೆಯ ಬೆಳೆಯಲ್ಲಿಯೋ ಎರಡನೆಯದರಲ್ಲಿಯೋ ನಷ್ಟಹೊಂದಿ ಕೈಬಿಡುವುದುಂಟು. ಇದಕ್ಕೆ ಬೀಜದ ದೋಷವಾಗಲಿ ಹವೆಯ ದೋಷವಾಗಲಿ ಕಾರಣವಾಗಿರುವುದು ಅಪರೂಪ. ಹೊಲದ ಮಣ್ಣು ಬೇಸಾಯಗಾರನ ಸಣ್ಣಪುಟ್ಟ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುವುದು. ಅದರಲ್ಲಿರುವ ಜೇಡಿಯೂ ಕೊಳೆತ ಸಾವಯವ ಪದಾರ್ಥವೂ ಹೆಚ್ಚಾದ ಲವಣವನ್ನು ಹಿಡಿದಿಟ್ಟು ಕೊರತೆಯಾದಾಗ ಬಿಟ್ಟುಕೊಡುವುವು. ಹುಳಿಯಾಗಲಿ ಕ್ಷಾರವಾಗಲಿ ಒಮ್ಮೆಗೇ ಏರದಂತೆ ತಡೆಯುವುವು. ನಲವತ್ತು ಲೀಟರು ನೀರಿನ ತೊಟ್ಟಿಗೆ ಈ ಶಕ್ತಿಯು ಬಹು ಸ್ವಲ್ಪ. ಹೊಲದಲ್ಲಿ ಒಂದು ತಿಂಗಳಿಗೆ ಕಾಣಿಸತಕ್ಕ ದೋಷವು ತೊಟ್ಟಿಯಲ್ಲಿ ಮೂರು ದಿನಕ್ಕೆ ಕಾಣಿಸುವುದು.

ಸಾಮಾನ್ಯವಾಗಿ ನಡೆಯತಕ್ಕ ಸಂಗತಿಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕೊಳವೆಬಾವಿಯ ನೀರನ್ನು ಬಳಸುವ ಒಂದು ಮನೆಯಲ್ಲಿ 40 ಲೀಟರಿನ ತೊಟ್ಟಿಯಲ್ಲಿ ಪಾಲಕ್ ಸಸಿಗಳನ್ನು ಕೂರಿಸಿರುವರೆಂದು ಭಾವಿಸತಕ್ಕದ್ದು. ಹತ್ತು ದಿನ ಸಸಿಗಳು ಚೆನ್ನಾಗಿ ಬರುವುವು. ಬಳಿಕ ಸುಳಿಯ ಎಲೆಗಳು ನರಗಳ ನಡುವೆ ಹಳದಿಯಾಗಿ, ನರಗಳು ಮಾತ್ರ ಹಸುರಾಗಿ ಉಳಿಯುವುವು. ಗೃಹಸ್ಥನು ಆಹಾರ ಸಾಲದೆಂದು ಬಗೆದು ಇನ್ನೊಂದು ಅಳತೆ ಲವಣವನ್ನು ಹಾಕುವನು. ಹಳದಿಯು ಹೆಚ್ಚುವುದು, ಆತನು ಮತ್ತೊಂದು ಅಳತೆ ಹಾಕುವನು. ಮೂರನೆಯ ವಾರದಲ್ಲಿ ಎಲೆಯ ಅಂಚು ಸುಟ್ಟಂತಾಗಿ, ಬೇರು ಕಂದುಬಣ್ಣಕ್ಕೆ ತಿರುಗಿ ಸಸಿಗಳು ಸಾಯುವುವು. ಇಲ್ಲಿ ಗಿಡಗಳು ಕಬ್ಬಿಣದ ಕೊರತೆಯಿಂದ ಬಳಲಿದುವು ನಿಜ. ಆದರೆ ತೊಟ್ಟಿಯಲ್ಲಿ ಕಬ್ಬಿಣವಿರಲಿಲ್ಲವೆಂದಲ್ಲ. ಇದ್ದ ಕಬ್ಬಿಣವು ಗಿಡಕ್ಕೆ ಎಟಕುವ ಸ್ಥಿತಿಯಲ್ಲಿರಲಿಲ್ಲ.

ದ್ರವದ ಹುಳಿ ಅಥವಾ ಕ್ಷಾರದ ಮಟ್ಟವನ್ನು ಪಿ.ಎಚ್. ಎಂಬ ಅಂಕಿಯಿಂದ ಸೂಚಿಸುವ ಪದ್ಧತಿಯನ್ನು 1909ರಲ್ಲಿ ಡೆನ್ಮಾರ್ಕ್ ದೇಶದ ಸೋರೆನ್‌ಸೆನ್ ಎಂಬ ರಸಾಯನಶಾಸ್ತ್ರಜ್ಞನು ಬಳಕೆಗೆ ತಂದನು. 7 ಎಂಬುದು ಸಮಸ್ಥಿತಿ. ಅದಕ್ಕೆ ಕೆಳಗೆ ಆಮ್ಲ, ಮೇಲೆ ಕ್ಷಾರ. ಒಂದು ಅಂಕಿಯ ವ್ಯತ್ಯಾಸವು ಹತ್ತರಷ್ಟು ವ್ಯತ್ಯಾಸವೆಂಬುದನ್ನು ಮರೆಯಲಾಗದು; 5.5 ತೋರುವ ದ್ರವವು 7.5 ತೋರುವ ದ್ರವಕ್ಕಿಂತ ನೂರರಷ್ಟು ಹೆಚ್ಚು ಆಮ್ಲವುಳ್ಳದ್ದು. ಜಲಕೃಷಿಯಲ್ಲಿ ಬಹುಮಟ್ಟಿನ ಬೆಳೆಗಳಿಗೆ 5.5ರಿಂದ 6.5ರ ವರೆಗಿನ ಸ್ಥಿತಿಯು ಹಿತವಾಗಿರುವುದು. ಇದಕ್ಕಿಂತ ಮೇಲೇರಿದಲ್ಲಿ ಕಬ್ಬಿಣ, ಮ್ಯಾಂಗನೀಸ್, ಸತುವುಗಳು ಕರಗದ ರೂಪವನ್ನು ತಾಳುವುವು. ರಂಜಕವು ಸುಣ್ಣದೊಡನೆ ಕೂಡಿ ಬಿಳಿಯ ಗಸಿಯಾಗಿ ತಳಸೇರುವುದು. 5ಕ್ಕಿಂತ ಬಹಳ ಇಳಿದಲ್ಲಿ ಬೇರಿನ ತುದಿಗಳೇ ಕೆಡುವುವು. ಅಂಗಡಿಗಳಲ್ಲಿ ದೊರೆಯುವ ಕಬ್ಬಿಣವೂ ಒಂದೇ ಬಗೆಯದಲ್ಲ. ಇ.ಡಿ.ಟಿ.ಎ. ಎಂಬ ಪದಾರ್ಥದೊಡನೆ ಬಂಧಿಸಿದ ಕಬ್ಬಿಣವು ಪಿ.ಎಚ್. 6.5ನ್ನು ಮೀರಿದ ಬಳಿಕ ಹಿಡಿತ ತಪ್ಪುವುದು, ಡಿ.ಟಿ.ಪಿ.ಎ. ಬಂಧವುಳ್ಳದ್ದು 7ರ ವರೆಗೂ ನಿಲ್ಲುವುದು. ಬರಿಯ ಅನ್ನಭೇದಿಯನ್ನು ಕರಗಿಸಿ ಹಾಕಿದರೆ ಸ್ವಲ್ಪಕಾಲದಲ್ಲಿಯೇ ತುಕ್ಕಾಗಿ ವ್ಯರ್ಥವಾಗುವುದು.

ಸುಳಿಯೆಲೆಯ ಹಳದಿಗೂ ಕೆಳಗಿನ ಮುದಿಯೆಲೆಯ ಹಳದಿಗೂ ಭೇದವುಂಟು. ಸಾರಜನಕವು ಸಾಲದಿದ್ದರೆ ಗಿಡವು ಹಳೆಯ ಎಲೆಯಿಂದ ಅದನ್ನು ತೆಗೆದು ಹೊಸದಕ್ಕೆ ಸಾಗಿಸುವುದರಿಂದ ಕೆಳಗಿನ ಎಲೆಯು ಮೊದಲು ಬಿಳಿಚುವುದು. ಕಬ್ಬಿಣವನ್ನು ಹಾಗೆ ಸಾಗಿಸಲಾರದು. ಆದಕಾರಣ ಹೊಸ ಎಲೆಗೇ ಪೆಟ್ಟು. ಈ ಒಂದು ಗುರುತನ್ನು ತಿಳಿದಿದ್ದರೂ ಮೇಲಿನ ಗೃಹಸ್ಥನ ಬೆಳೆಯು ಉಳಿಯುತ್ತಿದ್ದಿತು.

ದೋಷದ ಮೂಲವು ಹೆಚ್ಚಾಗಿ ನೀರಿನಲ್ಲಿಯೇ ಇರುವುದು. ನೀರಿನ ಪಿ.ಎಚ್. ಮಾತ್ರ ನೋಡಿ ತೃಪ್ತಿಪಡುವುದು ಸಾಲದು. ಅದರ ಕ್ಷಾರಶಕ್ತಿಯನ್ನು, ಎಂದರೆ ಅದರಲ್ಲಿ ಕರಗಿರುವ ಬೈಕಾರ್ಬೊನೇಟುಗಳ ಮೊತ್ತವನ್ನು, ತಿಳಿಯತಕ್ಕದ್ದು. ಪಿ.ಎಚ್. ಎಂಬುದು ಈಗಿನ ಸ್ಥಿತಿ. ಕ್ಷಾರಶಕ್ತಿಯೆಂಬುದು ಆ ಸ್ಥಿತಿಯನ್ನು ಬಿಟ್ಟುಕೊಡದಿರುವ ಹಟ. ಕೊಳವೆಬಾವಿಯ ಗಡಸು ನೀರಿಗೆ ಆಮ್ಲ ಹಾಕಿ ಸಂಜೆ 6ಕ್ಕೆ ಇಳಿಸಿದರೆ ಬೆಳಗಾಗುವುದರೊಳಗಾಗಿ ಅದು ಪುನಃ 7ನ್ನು ದಾಟಿರುವುದು ಈ ಕಾರಣದಿಂದಲೇ. ಕ್ಷಾರಶಕ್ತಿಯನ್ನು ನೀರಿನ ಪರೀಕ್ಷಾಶಾಲೆಯಲ್ಲಿ ಅಳೆಯಿಸಬಹುದು. ಮೀನು ಸಾಕುವವರ ಅಂಗಡಿಯಲ್ಲಿ ದೊರೆಯುವ ಹನಿಪರೀಕ್ಷೆಯ ಸಾಮಾನಿನಿಂದ ಮನೆಯಲ್ಲಿಯೂ ತಿಳಿಯಬಹುದು. ಅದರಲ್ಲಿನ ಒಂದು ಡಿಗ್ರಿಯು ಲೀಟರಿಗೆ ಸುಮಾರು 18 ಮಿಲಿಗ್ರಾಮು ಸುಣ್ಣದ ಕಾರ್ಬೊನೇಟಿಗೆ ಸಮ.

ಉದಾಹರಣೆಯ ಮನೆಯ ನೀರಿನ ಕ್ಷಾರಶಕ್ತಿಯು ಲೀಟರಿಗೆ 250 ಮಿಲಿಗ್ರಾಮು ಎಂದಿರಲಿ. ಇದರಲ್ಲಿ 25 ಮಿಲಿಗ್ರಾಮಿನಷ್ಟನ್ನು ಉಳಿಸಿ ಮಿಕ್ಕುದನ್ನು ರಂಜಕಾಮ್ಲದಿಂದ ತಣಿಸಬೇಕಾದರೆ 40 ಲೀಟರಿಗೆ ನೂರಕ್ಕೆ 85ರ ಬಲವುಳ್ಳ ಆಮ್ಲವು ಸುಮಾರು 11 ಮಿಲಿಲೀಟರು ಬೇಕಾಗುವುದು. ಆಗ ಲೀಟರಿಗೆ 120 ಮಿಲಿಗ್ರಾಮಿಗೂ ಹೆಚ್ಚು ರಂಜಕವು ದ್ರವವನ್ನು ಸೇರುವುದು. ಸಾಧಾರಣ ಸೂತ್ರಗಳಲ್ಲಿ ಇರುವುದು 30ರಿಂದ 50 ಮಿಲಿಗ್ರಾಮು ಮಾತ್ರ. ಈ ಅಧಿಕ ರಂಜಕವು ಕಬ್ಬಿಣಕ್ಕೂ ಸತುವಿಗೂ ಅಡ್ಡಬರುವುದರಿಂದ ಒಂದು ರೋಗವನ್ನು ವಾಸಿಮಾಡಲು ಹೋಗಿ ಅದೇ ರೋಗವನ್ನು ಇನ್ನೊಂದು ಬಾಗಿಲಿನಿಂದ ಕರೆದಂತಾಗುವುದು. ದೊಡ್ಡ ಹಸುರುಮನೆಗಳವರು ನೈಟ್ರಿಕಾಮ್ಲವನ್ನು ಬಳಸುವರು. ಮಕ್ಕಳಿರುವ ಮನೆಯಲ್ಲಿ ಆ ಆಮ್ಲವನ್ನು ಇಡುವುದು ಸರ್ವಥಾ ಯೋಗ್ಯವಲ್ಲ.

ಸುಲಭವಾದ ಮಾರ್ಗವೆಂದರೆ ಮಳೆಯ ನೀರು. ಮೊದಲ ಮಳೆಯಲ್ಲಿ ಛಾವಣಿ ತೊಳೆದ ನೀರನ್ನು ಬಿಟ್ಟು, ಬಳಿಕ ಬಂದುದನ್ನು ಮುಚ್ಚಿದ ಪೀಪಾಯಿಯಲ್ಲಿ ಕೂಡಿಡತಕ್ಕದ್ದು. 30 ಲೀಟರು ಮಳೆನೀರಿಗೆ 10 ಲೀಟರು ಬಾವಿನೀರನ್ನು ಬೆರೆಸಿದರೆ ಕ್ಷಾರಶಕ್ತಿಯು ಸುಮಾರು 62 ಮಿಲಿಗ್ರಾಮಿಗೆ ಇಳಿಯುವುದು. ಅದಕ್ಕೆ ಅದೇ ಆಮ್ಲವು 2 ಮಿಲಿಲೀಟರಿಗೂ ಕಡಮೆ ಸಾಕು. ಬರಿಯ ಮಳೆನೀರನ್ನೋ ಶೋಧಕಯಂತ್ರದ ನೀರನ್ನೋ ಬಳಸಿದರೆ ಹಟವೇ ಇಲ್ಲದೆ ಪಿ.ಎಚ್. ಅಂಕಿಯು ಸಣ್ಣ ಕಾರಣಕ್ಕೂ ಹಾರಾಡುವುದು. ಆದುದರಿಂದ ಸ್ವಲ್ಪ ಬಾವಿನೀರು ಇರುವುದೇ ಲೇಸು. ದೊಡ್ಡ ವಸತಿಗೃಹಗಳಲ್ಲಿ ಉಪ್ಪನ್ನು ಬಳಸಿ ಗಡಸು ತೆಗೆಯುವ ಯಂತ್ರಗಳನ್ನು ಇಟ್ಟಿರುವರು. ಆ ನೀರಿನಲ್ಲಿ ಸುಣ್ಣವು ಹೋಗಿ ಅದರ ಸ್ಥಾನದಲ್ಲಿ ಸೋಡಿಯಂ ಬಂದಿರುವುದು, ಕ್ಷಾರಶಕ್ತಿಯು ಮಾತ್ರ ಮೊದಲಿನಷ್ಟೇ ಇರುವುದು. ಬಟ್ಟೆ ಒಗೆಯಲು ಅದು ಒಳ್ಳೆಯದು, ಗಿಡಕ್ಕೆ ಕೊಡಬಾರದು.

ಆಮ್ಲವನ್ನು ನೇರವಾಗಿ ತೊಟ್ಟಿಗೆ ಸುರಿಯಬಾರದು. 90 ಮಿಲಿಲೀಟರು ನೀರಿಗೆ 10 ಮಿಲಿಲೀಟರು ಆಮ್ಲವನ್ನು ನಿಧಾನವಾಗಿ ಸೇರಿಸಿ ತೆಳುವಾದ ದ್ರವವನ್ನು ಮಾಡಿಟ್ಟುಕೊಳ್ಳತಕ್ಕದ್ದು. ನೀರಿಗೆ ಆಮ್ಲವನ್ನು ಹಾಕಬೇಕೇ ಹೊರತು ಆಮ್ಲಕ್ಕೆ ನೀರನ್ನು ಎಂದಿಗೂ ಹಾಕಕೂಡದು. ಕೈಗವುಸು, ಕನ್ನಡಕಗಳು ಇರತಕ್ಕದ್ದು. ಸೀಸೆಯ ಮೇಲೆ ಹೆಸರು ಬರೆದು ಬೀಗದಲ್ಲಿಡತಕ್ಕದ್ದು. ಕುಡಿಯುವ ನೀರಿನ ಹಳೆಯ ಸೀಸೆಯಲ್ಲಿ ಆಮ್ಲವನ್ನು ಇಡುವ ಅಭ್ಯಾಸವು ಪ್ರಾಣಕ್ಕೆ ಮುಳುವಾದೀತು. ಬಳಿಕ ತೊಟ್ಟಿಯಿಂದ ಒಂದು ಲೀಟರನ್ನು ತೆಗೆದು, ಅದಕ್ಕೆ ಈ ತೆಳು ಆಮ್ಲವನ್ನು ಹನಿಹನಿಯಾಗಿ ಹಾಕಿ, ಎಷ್ಟಕ್ಕೆ 5.8 ಬರುವುದೆಂದು ನೋಡಿ, ಆ ಲೆಕ್ಕದ ಅರ್ಧವನ್ನು ಮೊದಲು ತೊಟ್ಟಿಗೆ ಹಾಕಿ ಕಲಕಿ, ಅರ್ಧ ಗಂಟೆಯ ಮೇಲೆ ಪುನಃ ಅಳೆದು ಉಳಿದುದನ್ನು ಹಾಕಬೇಕು. ನಿಂಬೆಯ ರಸವನ್ನೋ ವಿನಿಗರನ್ನೋ ಹಾಕಿ ನೋಡುವವರೂ ಉಂಟು. ಅಂಕಿಯು ಇಳಿಯುವುದು ನಿಜ, ಆದರೆ ಈ ಹುಳಿಗಳು ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಒಂದೆರಡು ದಿನದಲ್ಲಿ ಮಾಯವಾಗುವುವು. ತೊಟ್ಟಿಯಲ್ಲಿ ಲೋಳೆ ಮಾತ್ರ ಉಳಿಯುವುದು. ನಿಂಬೆಯು ಪಾನಕಕ್ಕೆ ಇರಲಿ.

ಲವಣಗಳನ್ನು ಬೆರೆಸುವಲ್ಲಿಯೂ ಕ್ರಮವುಂಟು. ಕ್ಯಾಲ್ಸಿಯಂ ನೈಟ್ರೇಟಿನ ಗಟ್ಟಿದ್ರಾವಣವನ್ನು ಒಂದು ಪಾತ್ರೆಯಲ್ಲಿಯೂ, ಮೆಗ್ನೀಸಿಯಂ ಸಲ್ಫೇಟ್ ಮತ್ತು ರಂಜಕದ ಲವಣಗಳನ್ನು ಇನ್ನೊಂದರಲ್ಲಿಯೂ ಇಡತಕ್ಕದ್ದು. ಗಟ್ಟಿಯಾಗಿರುವಾಗಲೇ ಇವೆರಡನ್ನು ಸೇರಿಸಿದರೆ ಜಿಪ್ಸಂ ಮತ್ತು ಸುಣ್ಣದ ಫಾಸ್ಫೇಟು ಹುಟ್ಟಿ ತಳಕ್ಕೆ ಕೂರುವುವು. ತೊಟ್ಟಿಯ ಪೂರ್ಣ ನೀರಿಗೆ ಒಂದನ್ನು ಹಾಕಿ ಚೆನ್ನಾಗಿ ಕಲಕಿದ ಮೇಲೆ ಇನ್ನೊಂದನ್ನು ಹಾಕಬೇಕು, ಪಿ.ಎಚ್. ಸರಿಪಡಿಸುವುದು ಕೊನೆಗೆ. ಹೊಲಕ್ಕೆ ಸಿಂಪಡಿಸುವ 19:19:19 ಗೊಬ್ಬರವು ಅಗ್ಗವೆಂದು ಅದೊಂದನ್ನೇ ತೊಟ್ಟಿಗೆ ಹಾಕುವುದು ಇನ್ನೊಂದು ಸಾಮಾನ್ಯವಾದ ತಪ್ಪು. ಅದರಲ್ಲಿ ಸುಣ್ಣದ ಅಂಶವಿಲ್ಲ. ಸಾರಜನಕದ ಹೆಚ್ಚು ಭಾಗವು ಯೂರಿಯಾ ಮತ್ತು ಅಮೋನಿಯಾ ರೂಪದಲ್ಲಿರುವುದು.

ಸಾರಜನಕದ ರೂಪವೇ ಪಿ.ಎಚ್. ಏರಿಳಿತಕ್ಕೆ ಮುಖ್ಯ ಕಾರಣ. ಬೇರು ನೈಟ್ರೇಟನ್ನು ಹೀರಿದಾಗ ಕ್ಷಾರಾಂಶವನ್ನು ಹೊರಬಿಡುವುದು, ಅಂಕಿ ಏರುವುದು. ಅಮೋನಿಯಾವನ್ನು ಹೀರಿದಾಗ ಆಮ್ಲವನ್ನು ಬಿಡುವುದು, ಅಂಕಿ ಇಳಿಯುವುದು. ಆದುದರಿಂದ ನೈಟ್ರೇಟ್ ಪ್ರಧಾನವಾದ ತೊಟ್ಟಿಯಲ್ಲಿ ಪಿ.ಎಚ್. ಮೆಲ್ಲಗೆ ಏರುವುದು ಗಿಡಗಳು ಉಣ್ಣುತ್ತಿರುವುದರ ಲಕ್ಷಣ, ಅದಕ್ಕೆ ಗಾಬರಿಪಡಬೇಕಾಗಿಲ್ಲ. 5.6ರಲ್ಲಿ ಆರಂಭಿಸಿ 6.4ರ ವರೆಗೆ ಏರಗೊಟ್ಟು ಬಳಿಕ ಇಳಿಸುವುದು ದಿನಕ್ಕೆ ಎರಡು ಬಾರಿ ಆಮ್ಲ ಹಾಕುವುದಕ್ಕಿಂತ ಉತ್ತಮ. ಅಂಕಿಯು ಕಾರಣವಿಲ್ಲದೆ ಇಳಿಯತೊಡಗಿ ನೀರಿಗೆ ದುರ್ವಾಸನೆ ಬಂದರೆ ಬೇರು ಕೊಳೆಯುತ್ತಿರುವುದೆಂದು ಶಂಕಿಸತಕ್ಕದ್ದು.

ಪಿ.ಎಚ್. ಒಂದನ್ನೇ ನೋಡುವುದು ಒಂದು ಕಣ್ಣು ಮುಚ್ಚಿ ನಡೆದಂತೆ. ದ್ರವದಲ್ಲಿ ಲವಣವೆಷ್ಟಿರುವುದೆಂಬುದನ್ನು ವಿದ್ಯುದ್ವಾಹಕತೆಯ ಮಾಪಕದಿಂದ ತಿಳಿಯಬೇಕು. ಲೆಟ್ಯೂಸಿಗೆ ಸೆಂಟಿಮೀಟರಿಗೆ 0.8ರಿಂದ 1.2 ಮಿಲಿಸೀಮೆನ್ಸ್ ಸಾಕು. ಕಾಯಿಬಿಡುವ ಟೊಮ್ಯಾಟೊಗೆ 2ಕ್ಕೂ ಮೇಲೆ ಬೇಕಾಗುವುದು. ನೀರಿನ ಮಟ್ಟ ತಗ್ಗಿ ವಾಹಕತೆಯು ಏರಿದ್ದರೆ ಗಿಡಗಳು ಆಹಾರಕ್ಕಿಂತ ನೀರನ್ನು ಹೆಚ್ಚಾಗಿ ಕುಡಿದಿರುವುವು. ಬರಿಯ ನೀರನ್ನು ತುಂಬಿದರೆ ಸಾಕು. ಬೇಸಗೆಯಲ್ಲಿ ಇದೇ ನಿತ್ಯದ ಸ್ಥಿತಿ. ವಾಹಕತೆಯು ಇಳಿದಿದ್ದರೆ ಆಹಾರವನ್ನು ಸೇರಿಸತಕ್ಕದ್ದು. ಎಲೆ ಹಳದಿಯಾದುದನ್ನು ನೋಡಿ ಮಾಪಕವನ್ನು ಮುಳುಗಿಸದೆ ಲವಣ ಹಾಕುವುದೇ ಉದಾಹರಣೆಯ ಗೃಹಸ್ಥನು ಮಾಡಿದ ಕೆಲಸ. ಮಾಪಕವು ಲವಣದ ಮೊತ್ತವನ್ನು ಹೇಳುವುದೇ ಹೊರತು ಯಾವ ಲವಣವೆಂದು ಹೇಳಲಾರದು. ಗಿಡಕ್ಕೆ ಬೇಡದ ಸೋಡಿಯಂ, ಕ್ಲೋರೈಡುಗಳು ದಿನೇ ದಿನೇ ಕೂಡುತ್ತ ಅಂಕಿಯನ್ನು ತುಂಬಿರುವುದರಿಂದ ಎರಡು ಮೂರು ವಾರಗಳಿಗೊಮ್ಮೆ ದ್ರವವನ್ನು ಪೂರ್ತಿ ಬದಲಾಯಿಸಬೇಕು. ಹಳೆಯದನ್ನು ಚರಂಡಿಗೆ ಚೆಲ್ಲದೆ, ನೀರು ಬೆರೆಸಿ ತೆಳುಮಾಡಿ ಕುಂಡದ ಹೂಗಿಡಗಳಿಗೆ ಹಾಕಬಹುದು.

ಪಿ.ಎಚ್. ಮಾಪಕವು ಸುಳ್ಳುಹೇಳತೊಡಗಿದರೆ ಮಿಕ್ಕ ಶ್ರಮವೆಲ್ಲ ವ್ಯರ್ಥ. ಎರಡು ವಾರಗಳಿಗೊಮ್ಮೆಯಾದರೂ 7 ಮತ್ತು 4ರ ಪ್ರಮಾಣದ್ರವಗಳಲ್ಲಿ ಅದನ್ನು ಸರಿನೋಡಬೇಕು. ಅದರ ಗಾಜಿನ ತುದಿಯನ್ನು ಒಣಗಲು ಬಿಡದೆ ಪೊಟಾಸಿಯಂ ಕ್ಲೋರೈಡಿನ ದ್ರಾವಣದಲ್ಲಿ ನೆನೆಯಿಟ್ಟಿರಬೇಕು. ಬಟ್ಟಿಯಿಳಿಸಿದ ನೀರಿನಲ್ಲಿ ಇಟ್ಟರೆ ಕೆಡುವುದು.

ತೊಟ್ಟಿಗೆ ಬಿಸಿಲೂ ಬೆಳಕೂ ತಾಗದಂತೆ ಮುಚ್ಚಿರತಕ್ಕದ್ದು. ಬೆಳಕು ಬಿದ್ದಲ್ಲಿ ಪಾಚಿ ಬೆಳೆದು ಹಗಲಿನಲ್ಲಿ ನೀರಿನ ಇಂಗಾಲಾಮ್ಲವನ್ನು ಹೀರುವುದರಿಂದ ಮಧ್ಯಾಹ್ನ ಪಿ.ಎಚ್. ಏರಿ ರಾತ್ರಿ ಇಳಿಯುವುದು. ಇಂಥ ತೊಟ್ಟಿಯನ್ನು ಯಾವ ಹೊತ್ತಿನಲ್ಲಿ ಅಳೆದರೂ ಸರಿಯಾದ ಅಂಕಿ ಸಿಕ್ಕದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕವು ಕಡಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಮು ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆಯನ್ನು ಮಾತ್ರ ಹಿಡಿಯುವುದು. ಉಸಿರುಕಟ್ಟಿದ ಬೇರಿಗೆ ಎಷ್ಟು ಸರಿಯಾದ ದ್ರವವಿದ್ದರೂ ಉಪಯೋಗವಿಲ್ಲ. ಗಾಳಿಯೂದುವ ಸಣ್ಣ ಪಂಪು ಹಗಲಿರುಳೂ ನಡೆಯುತ್ತಿರಲಿ.

ಮೇಲಿನ ಮನೆಯಲ್ಲಿ ಎರಡನೆಯ ಬಾರಿ ಸಸಿ ಕೂರಿಸುವಾಗ ತೊಟ್ಟಿಯನ್ನು ಉಜ್ಜಿ ತೊಳೆದು, ಮೂರು ಪಾಲು ಮಳೆನೀರಿಗೆ ಒಂದು ಪಾಲು ಬಾವಿನೀರು ಸೇರಿಸಿ, ವಾಹಕತೆಯನ್ನು 1.2ಕ್ಕೂ ಪಿ.ಎಚ್. ಅನ್ನು 5.8ಕ್ಕೂ ತಂದು, ಬೆಳಿಗ್ಗೆ ಒಂದೇ ಹೊತ್ತಿನಲ್ಲಿ ಅಳೆದು ಎರಡು ಅಂಕಿಗಳನ್ನೂ ನೀರಿನ ಮಟ್ಟವನ್ನೂ ಪುಸ್ತಕದಲ್ಲಿ ಬರೆಯುತ್ತ ಬರತಕ್ಕದ್ದು. ಹಾಗಿದ್ದೂ ಸುಳಿಯು ಹಳದಿಯಾದರೆ ಪಿ.ಎಚ್. ಸರಿಪಡಿಸಿ ನಾಲ್ಕೈದು ದಿನ ಕಾಯಬೇಕು. ಹಳದಿಯಾದ ಎಲೆಯು ಪೂರ್ತಿ ಹಸುರಾಗದಿದ್ದರೂ ಚಿಂತೆಯಿಲ್ಲ. ಬಳಿಕ ಮೂಡುವ ಎಲೆಯ ಬಣ್ಣವನ್ನು ನೋಡಿ ಚಿಕಿತ್ಸೆಯು ಫಲಿಸಿತೋ ಇಲ್ಲವೋ ಎಂಬುದನ್ನು ನಿರ್ಣಯಿಸತಕ್ಕದ್ದು.