ಕಾಲು ಜಾರುವ ಮೊದಲೇ: ಮನೆಯ ಹಿರಿಯರನ್ನು ಕಾಯುವ ಹತ್ತು ಸೂತ್ರಗಳು

ಮನೆಯ ಹಿರಿಯರು ‘ಬಿದ್ದೆ’ ಎಂದು ಹೇಳುವುದು ಅಪರೂಪ. ‘ಕಾಲು ಸ್ವಲ್ಪ ಜಾರಿತು’, ‘ಕಣ್ಣು ಕತ್ತಲೆ ಬಂತು, ಹಾಗೇ ಕೂತುಬಿಟ್ಟೆ’, ‘ಗೋಡೆ ಹಿಡ್ಕೊಂಡೆ, ಏನೂ ಆಗ್ಲಿಲ್ಲ’ ಎನ್ನುತ್ತಾರೆ. ಮಕ್ಕಳಿಗೆ ಗೊತ್ತಾದರೆ ನಾಳೆಯಿಂದ ಒಬ್ಬರೇ ಹಾಲಿನ ಬೂತಿಗೂ ಬಿಡುವುದಿಲ್ಲ ಎಂಬ ಅಳುಕು ಅವರದು. ಕೊನೆಗೆ ಸೊಂಟದ ಮೂಳೆ ಮುರಿದ ದಿನ ಎಲ್ಲರಿಗೂ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು.

ಹೀಗೆ ಬೀಳುವ ಸುಳಿವು ಬಹಳಷ್ಟು ಸಲ ಮೊದಲೇ ಸಿಗುತ್ತದೆ. ಒಂದು ಭಾನುವಾರ ಬೆಳಿಗ್ಗೆ ಅಳತೆ ಟೇಪು, ಗಡಿಯಾರ, ಬಿಪಿ ಮಿಷನ್ ಮತ್ತು ಒಂದು ನೋಟ್‌ಬುಕ್ ಹಿಡಿದು ಕುಳಿತರೆ ಆ ಸುಳಿವು ನಿಮ್ಮ ಕೈಗೂ ಸಿಕ್ಕೀತು.

1. ಮೂರು ಪ್ರಶ್ನೆ ಕೇಳಿ, ಬೈಯಬೇಡಿ
ಕಳೆದ ಒಂದು ವರ್ಷದಲ್ಲಿ ಬಿದ್ದದ್ದುಂಟೆ? ನಿಂತಾಗ, ನಡೆಯುವಾಗ ವಾಲಿದಂತೆ ಆಗುತ್ತದೆಯೇ? ಬಿದ್ದೇನೆಂಬ ಭಯ ಇದೆಯೇ? ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ರೂಪಿಸಿದ ‘ಸ್ಟೆಡಿ’ ಪದ್ಧತಿಯಲ್ಲಿ ಮೊದಲು ಕೇಳುವ ಮುಖ್ಯ ಪ್ರಶ್ನೆಗಳು ಇವೇ. ಒಂದಕ್ಕೆ ‘ಹೌದು’ ಬಂದರೂ ಮುಂದಿನ ಪರೀಕ್ಷೆ ಬೇಕು. ನೇರವಾಗಿ ಕೇಳಿದರೆ ‘ಇಲ್ಲಪ್ಪ’ ಎಂದೇ ಬರುತ್ತದೆ. ‘ಅಮ್ಮಾ, ಈ ಮಳೆಗಾಲದಲ್ಲಿ ಎಲ್ಲಾದ್ರೂ ಕಾಲು ಜಾರಿತ್ತಾ?’ ಎಂದು ಕೇಳಿ ನೋಡಿ. ಎಲ್ಲಿ, ಯಾವ ಹೊತ್ತಿನಲ್ಲಿ, ಏನು ಮಾಡುತ್ತಿದ್ದಾಗ ಎಂಬುದನ್ನು ಬರೆದಿಡಿ. ಗದರಿದರೆ ಮುಂದಿನ ಸಲ ಅದೂ ತಿಳಿಯುವುದಿಲ್ಲ.

2. ಮೂರು ಮೀಟರ್ ನಡೆಸಿ
ಕುರ್ಚಿಯಿಂದ ಮೂರು ಮೀಟರ್ ದೂರಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಕುರ್ಚಿಯಿಂದ ಎದ್ದು, ಎಂದಿನ ನಡಿಗೆಯಲ್ಲಿ ಗೆರೆಯವರೆಗೆ ಹೋಗಿ, ತಿರುಗಿ ಬಂದು ಕೂರಬೇಕು. ದಿನವೂ ಊರುಗೋಲು ಹಿಡಿಯುವವರು ಈಗಲೂ ಹಿಡಿಯಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದರ್ಥ. ಗಡಿಯಾರದ ಜೊತೆ ನಡಿಗೆಯನ್ನೂ ನೋಡಿ: ಪಾದ ಎಳೆಯುತ್ತಾರೆಯೇ? ತಿರುಗುವಾಗ ತಡವರಿಸುತ್ತಾರೆಯೇ? ಗೋಡೆಗೆ ಕೈ ಹೋಗುತ್ತದೆಯೇ?

ಇನ್ನೊಂದು ಸುಲಭದ ಪರೀಕ್ಷೆ ಇದೆ. ಜೊತೆಯಲ್ಲಿ ನಡೆಯುತ್ತಾ ಮಾತಾಡಿಸಿ. ಉತ್ತರ ಹೇಳಲು ನಡಿಗೆ ನಿಲ್ಲಿಸುವ ವೃದ್ಧರು ಮುಂದಿನ ಆರು ತಿಂಗಳಲ್ಲಿ ಬೀಳುವ ಸಾಧ್ಯತೆ ಹೆಚ್ಚು ಎಂದು 1997ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಸ್ವೀಡನ್ನಿನ ಅಧ್ಯಯನವೊಂದು ಹೇಳಿತ್ತು.

3. ತೊಡೆಯ ಬಲ ಎಣಿಸಿ
ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ, ಎಣಿಸಿ. 70ರಿಂದ 74 ವಯಸ್ಸಿನ ಗಂಡಸರು 12ಕ್ಕಿಂತ, ಹೆಂಗಸರು 10ಕ್ಕಿಂತ ಕಡಿಮೆ ಎದ್ದರೆ ಕಾಲಿನ ಬಲ ಕುಂದಿದೆ. 80ರಿಂದ 84ರವರಿಗೆ ಈ ಗಡಿ 10 ಮತ್ತು 9. ಕೈಯೂರದೆ ಏಳಲಾರದವರ ಲೆಕ್ಕ ಸೊನ್ನೆ.

4. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಿಲ್ಲಿಸಿ
ಮೊದಲು ಎರಡು ಪಾದ ಜೋಡಿಸಿ, ಆಮೇಲೆ ಒಂದನ್ನು ಅರ್ಧ ಮುಂದಿಟ್ಟು, ಅನಂತರ ಒಂದರ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ನಿಲ್ಲಬೇಕು. ಈ ಮೂರನೆಯ ಭಂಗಿಯಲ್ಲಿ 10 ಸೆಕೆಂಡ್ ನಿಲ್ಲಲಾಗದಿದ್ದರೆ ಸಮತೋಲನ ಸರಿಯಿಲ್ಲ. ಈ ಎಲ್ಲ ಪರೀಕ್ಷೆಯಲ್ಲೂ ನೀವು ಕೈಗೆಟುಕುವಷ್ಟು ಹತ್ತಿರ ಇರಬೇಕು. ಪರೀಕ್ಷೆ ಮಾಡಲು ಹೋಗಿ ಬೀಳಿಸಿದ ಅಪವಾದ ಬೇಡ. ನೆಟ್ಟಗೆ ನಿಲ್ಲುವುದೇ ಕಷ್ಟವಾದವರನ್ನು ನೇರ ವೈದ್ಯರಲ್ಲಿಗೆ ಕರೆದೊಯ್ಯಿರಿ.

5. ಮಲಗಿದಾಗೊಮ್ಮೆ, ಎದ್ದಾಗೊಮ್ಮೆ ಬಿಪಿ ನೋಡಿ
ಎದ್ದು ನಿಂತಾಗ ಬಿಪಿ ಇಳಿಯುವ ದೋಷ ಕೂರಿಸಿ ನೋಡಿದರೆ ಕಾಣಿಸದೇ ಹೋಗಬಹುದು. ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಮತ್ತೊಮ್ಮೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಇಲ್ಲವೇ ತಲೆ ಸುತ್ತಿದರೆ ವೈದ್ಯರಿಗೆ ಹೇಳಿ. ಅಷ್ಟರವರೆಗೆ ಒಂದು ರೂಢಿ ಮಾಡಿಸಿ: ಎಚ್ಚರವಾದ ಮೇಲೆ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕೂತು, ಆಮೇಲೆ ಏಳುವುದು.

6. ಮಾತ್ರೆಯ ಡಬ್ಬಿ ಸುರಿದು ನೋಡಿ
ನಿದ್ದೆ ಮಾತ್ರೆ, ಖಿನ್ನತೆಯ ಮಾತ್ರೆ, ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಶುಗರ್ ಇಳಿಸುವ ಮಾತ್ರೆ, ಇನ್ಸುಲಿನ್ ಇವೆಲ್ಲ ಬೀಳುವ ಅಪಾಯ ಹೆಚ್ಚಿಸಬಲ್ಲವು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೆಗಡಿ ಮಾತ್ರೆಯೂ ಮಂಪರು ತರಬಹುದು. ಹೃದಯಕ್ಕೊಬ್ಬರು, ಮೂಳೆಗೊಬ್ಬರು, ನಿದ್ದೆಗೊಬ್ಬರು ಬರೆದ ಚೀಟಿಗಳನ್ನು ಒಟ್ಟಿಗೆ ನೋಡಿದ ವೈದ್ಯರು ಒಬ್ಬರೂ ಇಲ್ಲದಿರಬಹುದು. ಎಲ್ಲವನ್ನೂ ಒಂದೇ ಚೀಲದಲ್ಲಿ ತುಂಬಿ ಒಬ್ಬರ ಮುಂದಿಡಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

7. ಕಣ್ಣಿನಿಂದ ಚಪ್ಪಲಿಯವರೆಗೆ
ಕಣ್ಣಿನ ಪೊರೆಯ ಆಪರೇಷನ್ ಮುಂದೂಡಬೇಡಿ. ಓದಲಿಕ್ಕೂ ದೂರಕ್ಕೂ ಒಂದೇ ಕನ್ನಡಕ ಇದ್ದರೆ ಮೆಟ್ಟಿಲು ಇಳಿಯುವಾಗ ಕೆಳಗಿನ ಗಾಜಿನಲ್ಲಿ ಮೆಟ್ಟಿಲ ಅಂಚು ಮಸುಕಾಗುತ್ತದೆ. ಓಡಾಡಲು ದೂರದೃಷ್ಟಿಯ ಬೇರೆ ಕನ್ನಡಕ ಬೇಕೇ ಎಂದು ಕಣ್ಣಿನ ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆಯವರ ಪಾದ ಮುಟ್ಟಿ ನೋಡಿ. ಜೋಮು ಹಿಡಿದ ಪಾದಕ್ಕೆ ನೆಲವೇ ತಿಳಿಯದು. ಸವೆದ ಹವಾಯಿ ಚಪ್ಪಲಿ ಎಸೆದು, ಹಿಮ್ಮಡಿಗೆ ಪಟ್ಟಿಯಿದ್ದು ಅಟ್ಟೆ ಜಾರದಂಥದ್ದು ಕೊಡಿಸಿ. ನೆಲ ಗುಡಿಸುವ ಸೀರೆ, ಪಂಚೆಯ ಅಂಚನ್ನು ಒಂದು ಗೇಣು ಮೇಲೆ ಉಡಿಸಿ.

8. ರಾತ್ರಿ ಎರಡು ಗಂಟೆಗೆ ನೀವೇ ಎದ್ದು ನಡೆಯಿರಿ
ಮನೆಯನ್ನು ಹಗಲು ನೋಡಿದರೆ ಸಾಲದು. ಅವರ ಮಂಚದಿಂದ ಬಚ್ಚಲುಮನೆಯವರೆಗೆ ಕತ್ತಲಲ್ಲಿ ಒಮ್ಮೆ ಹೋಗಿ. ಎಡವಿಸುವ ಹೊಸಿಲು, ಮಡಿಸಿಕೊಳ್ಳುವ ಕಾಲೊರಸು, ನಡುವೆ ಹಾದ ಚಾರ್ಜರ್ ವೈರು, ಎಲ್ಲಿದೆಯೆಂದೇ ತಿಳಿಯದ ಸ್ವಿಚ್ಚು ಎಲ್ಲ ಆಗ ಎದುರಾಗುತ್ತವೆ. ದಾರಿಗೆ ಸಣ್ಣ ದೀಪ ಹಾಕಿ. ಮಂಚದ ಮೇಲೆ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರುವಷ್ಟೇ ಎತ್ತರವಿರಲಿ.

ಬಚ್ಚಲಿಗೆ ಹೆಚ್ಚು ಗಮನ ಕೊಡಿ. ಟವೆಲ್ ಹಾಕುವ ರಾಡು ಮೈಭಾರ ತಡೆಯದು. ಗೋಡೆಗೆ ಬಿಗಿಯಾಗಿ ಬೋಲ್ಟ್ ಮಾಡಿದ ಹಿಡಿಕೆ ಕಮೋಡಿನ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು ಇರಲಿ. ಎಣ್ಣೆ ಸ್ನಾನದ ದಿನ ನೆಲವನ್ನು ಸೀಗೆಯಿಂದಲೋ ಸೋಪಿನಿಂದಲೋ ಉಜ್ಜದೆ ಇನ್ನೊಬ್ಬರನ್ನು ಒಳಗೆ ಬಿಡಬೇಡಿ. ಒಳಗಿನಿಂದ ಚಿಲಕ ಬೇಡ. ಒಳಕ್ಕೆ ತೆರೆಯುವ ಬಾಗಿಲಾದರೆ ಬಿದ್ದವರ ಮೈಯೇ ಅದಕ್ಕೆ ಅಡ್ಡವಾಗುತ್ತದೆ. ಸಾಧ್ಯವಾದರೆ ಹೊರಕ್ಕೆ ತೆರೆಯುವಂತೆ ಮಾಡಿಸಿ. ಮಲೆನಾಡು, ಕರಾವಳಿಯ ಅಂಗಳದಲ್ಲಿ ಪಾಚಿ ಕಟ್ಟುವ ಮೊದಲೇ ಓಡಾಡುವ ದಾರಿಗೆ ಅಡಕೆ ದಬ್ಬೆ ಹಾಸುವ ಹಳೆಯ ರೂಢಿ ಇಂದಿಗೂ ಒಳ್ಳೆಯದೇ.

9. ಊರುಗೋಲಿಗೂ ಅಳತೆ ಇದೆ
ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಹಿಡಿ ಬರಬೇಕು. ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಎಡ ಮಂಡಿ ನೋವಾದರೆ ಬಲಗೈಯಲ್ಲಿ. ತುದಿಯ ರಬ್ಬರು ಸವೆದರೆ ಬದಲಿಸಿ. ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ಊರುಗೋಲು, ವಾಕರ್‌ನಂಥ ಸಾಧನಗಳನ್ನು ಉಚಿತವಾಗಿ ಕೊಡುವ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ.

10. ಬಿದ್ದರೆ ಏನು ಮಾಡಬೇಕೆಂದು ಮೊದಲೇ ಹೇಳಿಕೊಡಿ
ಥಟ್ಟನೆ ಏಳಬಾರದು. ನೋವಿಲ್ಲದಿದ್ದರೆ ಮಗ್ಗುಲಾಗಿ, ಅಂಬೆಗಾಲಿಟ್ಟು, ಗಟ್ಟಿ ಕುರ್ಚಿ ಹಿಡಿದು ಏಳಲಿ. ಸೊಂಟ ಮುಟ್ಟಿದರೆ ತಡೆಯಲಾರದ ನೋವಿದ್ದರೆ ಅಥವಾ ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತಿದ್ದರೆ ಎಳೆದಾಡದೆ 108ಕ್ಕೆ ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರ ತಲೆಗೆ ಪೆಟ್ಟಾದರೆ ‘ಚೆನ್ನಾಗಿದ್ದೇನೆ’ ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಒಬ್ಬರೇ ಇರುವವರ ಕೊರಳಲ್ಲಿ ಮೊಬೈಲ್ ತೂಗಾಡಲಿ, ಪಕ್ಕದ ಮನೆಯಲ್ಲಿ ಒಂದು ಬೀಗದ ಕೈ ಇರಲಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567.

ಇಷ್ಟೆಲ್ಲ ಬರೆದುಕೊಂಡ ಮೇಲೆ ಒಂದು ತಪ್ಪು ಮಾತ್ರ ಮಾಡಬೇಡಿ. ‘ಇನ್ನು ಎಲ್ಲೂ ಹೋಗ್ಬೇಡಿ, ಕೂತಲ್ಲೇ ಇರಿ’ ಎನ್ನಬೇಡಿ. ಕೂತಷ್ಟೂ ತೊಡೆ ಸೊರಗುತ್ತದೆ, ಸೊರಗಿದಷ್ಟೂ ಬೀಳುವುದು ಹೆಚ್ಚುತ್ತದೆ. ನೋಟ್‌ಬುಕ್ಕನ್ನು ವೈದ್ಯರಿಗೆ ತೋರಿಸಿ, ಫಿಸಿಯೋಥೆರಪಿಸ್ಟ್ ಕಲಿಸಿದ ಕಾಲಿನ ವ್ಯಾಯಾಮವನ್ನು ಜೊತೆಗೆ ನಿಂತು ಮಾಡಿಸಿ. ಆರು ತಿಂಗಳಿಗೊಮ್ಮೆ ಅದೇ ಗೆರೆ, ಅದೇ ಕುರ್ಚಿ, ಅದೇ ಎಣಿಕೆ ಇಟ್ಟುಕೊಳ್ಳಿ. ಈ ಭಾನುವಾರವೇ ಶುರುಮಾಡಿ. ಬೇಕಿರುವುದು ಒಂದು ಸೀಮೆಸುಣ್ಣ.