ಎಡಗಾಲು ತಾನಾಗಿ ಬ್ರೇಕಿಗೆ ಹೋಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನನಗೆ 26 ವರ್ಷ, ಬೆಂಗಳೂರಿನಲ್ಲಿ ಕೆಲಸ. ಡ್ರೈವಿಂಗ್ ಕಲಿತದ್ದು ಗೇರ್ ಕಾರಿನಲ್ಲಿ. ಎಂಟು ತಿಂಗಳಿಂದ ರೂಮಿನಲ್ಲಿ ಸ್ಟೀರಿಂಗ್, ಪೆಡಲ್ ಸೆಟ್ ಇಟ್ಟುಕೊಂಡು ರೇಸಿಂಗ್ ಸಿಮ್ಯುಲೇಟರ್ ಆಡುತ್ತಿದ್ದೇನೆ. ಜೊತೆಯಲ್ಲಿ ಆಡುವವರೆಲ್ಲ ಎಡಗಾಲಲ್ಲಿ ಬ್ರೇಕ್ ಹಾಕುತ್ತಾರೆಂದು ಎರಡು ತಿಂಗಳ ಹಿಂದೆ ನಾನೂ ಶುರುಮಾಡಿದೆ. ಒತ್ತುವ ಬಲ ಅಳೆಯುವ ಹೊಸ ಲೋಡ್ ಸೆಲ್ ಪೆಡಲ್ ಕೊಂಡು, ಪೂರ್ತಿ ಬ್ರೇಕಿಗೆ 60 ಕೆಜಿ ಒತ್ತಡ ಬೇಕಾಗುವಂತೆ ಇಟ್ಟಿದ್ದೇನೆ. ಚಕ್ರ ಲಾಕ್ ಆಗುತ್ತಲೇ ಇದೆ, ಮೊದಲಿಗಿಂತ ನಿಧಾನವಾಗಿದ್ದೇನೆ. ಅದು ಹೋಗಲಿ. ಕಳೆದ ತಿಂಗಳು ಊರಿನಲ್ಲಿ ಅಪ್ಪನ ಆಟೊಮ್ಯಾಟಿಕ್ ಕಾರು ಓಡಿಸುವಾಗ ಮುಂದಿದ್ದ ಸ್ಕೂಟರ್ ತಟ್ಟನೆ ನಿಂತಿತು. ನನ್ನ ಎಡಗಾಲು ತಾನಾಗಿ ಬ್ರೇಕಿಗೆ ಹೋಗಿ ಪೂರ್ತಿ ತುಳಿದುಬಿಟ್ಟಿತು. ಹಿಂದೆ ಕೂತಿದ್ದ ಅಮ್ಮನ ಹಣೆ ಮುಂದಿನ ಸೀಟಿಗೆ ಬಡಿಯಿತು. ಪೆಟ್ಟು ಸಣ್ಣದು, ಆದರೆ ಅಂದಿನಿಂದ ಕಾರು ಮುಟ್ಟಲು ಭಯ. ‘ಆ ಆಟದ ಸಾಮಾನು ಮಾರಿಬಿಡು’ ಎನ್ನುತ್ತಾರೆ ಅಪ್ಪ. ಬಿಟ್ಟುಬಿಡಬೇಕೆ?
– ಹೆಸರು ಬೇಡ, ಹಾಸನ

ಉತ್ತರ: ಮೊದಲು ಅಮ್ಮನ ವಿಷಯ. ಹಿಂದಿನ ಸೀಟಿಗೂ ಬೆಲ್ಟ್ ಕಡ್ಡಾಯ. ಅವರು ಅದನ್ನು ಹಾಕಿಕೊಂಡಿದ್ದರೆ ಬಹುಶಃ ಹಣೆ ಸೀಟಿಗೆ ತಾಗುತ್ತಲೇ ಇರಲಿಲ್ಲ. ಇನ್ನು ಮುಂದೆ ಎಲ್ಲರ ಬೆಲ್ಟ್ ಬಿದ್ದ ಮೇಲೇ ಕಾರು ಹೊರಡಲಿ. ಯಾವ ಕಾಲು ಎಂಬ ಚರ್ಚೆಗಿಂತ ಇದು ದೊಡ್ಡದು.

ಈಗ ಆ ಕ್ಷಣಕ್ಕೆ ಬರೋಣ. ಗಾಬರಿಯಾದದ್ದಕ್ಕೆ ಹಾಗಾಯಿತು ಎಂದು ನಿಮಗೆ ಅನಿಸಬಹುದು. ಅಷ್ಟೇ ಅಲ್ಲ. ಗೇರ್ ಕಾರಿನಲ್ಲಿ ಕಲಿತವರ ಎಡಗಾಲಿಗೆ ಗೊತ್ತಿರುವ ತುಳಿತ ಒಂದೇ: ಕ್ಲಚ್ಚನ್ನು ತಳಮುಟ್ಟ ಒತ್ತುವುದು. ಅರ್ಧ, ಕಾಲು, ಬೆರಳಷ್ಟು ಎಂದು ಅಳೆದು ತುಳಿಯುವ ಪಾಠ ಕಲಿತದ್ದು ಬಲಗಾಲು. ಇದರ ಮೇಲೆ ನೀವು ಎರಡು ತಿಂಗಳಿಂದ ಎಡಗಾಲಿಗೆ 60 ಕೆಜಿ ಒತ್ತಡದ ಅಭ್ಯಾಸ ಮಾಡಿಸಿದ್ದೀರಿ. ಅಪ್ಪನ ಕಾರಿನ ಬ್ರೇಕಿಗೆ ಅಷ್ಟು ಬಲ ಬೇಡ. ಪೆಡಲಿನ ಹಿಂದಿರುವ ಸರ್ವೊ ನಿಮ್ಮ ಒತ್ತನ್ನು ಹಲವು ಪಟ್ಟು ಹೆಚ್ಚಿಸಿ ಚಕ್ರಕ್ಕೆ ತಲುಪಿಸುತ್ತದೆ. ರೂಮಿನಲ್ಲಿ ಕಲಿತ ಬಲವನ್ನು ಅಲ್ಲಿ ಹಾಕಿದಿರಿ, ಕಾರು ಮುಗ್ಗರಿಸಿತು.

ಅಪ್ಪ ಅದನ್ನು ಆಟದ ಸಾಮಾನು ಎನ್ನುತ್ತಾರೆ. ಬರೀ ಆಟವಾಗಿದ್ದರೆ ಅಲ್ಲಿಯ ಅಭ್ಯಾಸ ಕಾರಿಗೆ ಬರುತ್ತಿರಲಿಲ್ಲ. ಬ್ರಿಟನ್ನಿನ ಜಾನ್ ಮಾರ್ಡನ್‌ಬರೊ 2011ರಲ್ಲಿ ಪ್ಲೇಸ್ಟೇಷನ್ ಸ್ಪರ್ಧೆಯೊಂದನ್ನು ಗೆದ್ದು ನಿಜವಾದ ರೇಸ್ ಕಾರು ಹತ್ತಿದರು. ಎರಡೇ ವರ್ಷಕ್ಕೆ, 2013ರ ಲೆ ಮಾನ್ 24 ಗಂಟೆ ರೇಸಿನಲ್ಲಿ, ಅವರ ತಂಡ ತನ್ನ ವರ್ಗದಲ್ಲಿ ಮೂರನೇ ಸ್ಥಾನ ಪಡೆಯಿತು. ಸಿಮ್ಯುಲೇಟರಿನಲ್ಲಿ ಕಲಿತದ್ದು ಮೈಗೆ ನಿಜವಾಗಿಯೂ ಹತ್ತುತ್ತದೆ. ಅದು ಅಲ್ಲಿಯ ಸೊಗಸು, ಎಚ್ಚರ ಬೇಕಾಗುವುದೂ ಅದಕ್ಕೇ.

ರ‍್ಯಾಲಿಯಲ್ಲಿ ಎಡಗಾಲ ಬ್ರೇಕು ಬಂದದ್ದಕ್ಕೆ ಒಂದು ಖಚಿತ ಕಾರಣವಿತ್ತು. 1960ರ ದಶಕದಲ್ಲಿ ಫಿನ್ಲೆಂಡಿನ ಟಿಮೊ ಮ್ಯಾಕಿನೆನ್, ರೌನೊ ಆಲ್ಟೊನೆನ್ ಪುಟ್ಟ ಮಿನಿ ಕೂಪರ್‌ಗಳಲ್ಲಿ ರ‍್ಯಾಲಿ ಓಡಿಸುತ್ತಿದ್ದರು. ಎಂಜಿನ್ನಿನ ಬಲ ಮುಂದಿನ ಚಕ್ರಕ್ಕೆ ಹೋಗುವ ಕಾರು ಹಿಮದಲ್ಲಿ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಮೂಗು ನೇರಕ್ಕೇ ಇಟ್ಟು ಜಾರುತ್ತದೆ. ಇವರು ಬಲಗಾಲನ್ನು ಆಕ್ಸಿಲರೇಟರ್ ಮೇಲಿಟ್ಟುಕೊಂಡೇ ಎಡಗಾಲಲ್ಲಿ ಬ್ರೇಕ್ ಒತ್ತಿದರು. ಮುಂದಿನ ಚಕ್ರಗಳನ್ನು ಎಂಜಿನ್ ಎಳೆಯುತ್ತಲೇ ಇತ್ತು, ಹಿಂದಿನವು ಹಿಡಿತ ಸಡಿಲಿಸಿದವು, ಬಾಲ ಹೊರಗೆ ತೂಗಿ ಮೂಗು ತಿರುವಿನೊಳಕ್ಕೆ ಬಂತು. 1965ರ ಮಾಂಟೆ ಕಾರ್ಲೊ ರ‍್ಯಾಲಿ ಮ್ಯಾಕಿನೆನ್ ಪಾಲಾಯಿತು, 1967ರದು ಆಲ್ಟೊನೆನ್ ಪಾಲಾಯಿತು. ಫಾರ್ಮುಲಾ ಒನ್‌ನಲ್ಲಿ ದಾರಿ ಬೇರೆ. 1989ರಲ್ಲಿ ಫೆರಾರಿ ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ಗೇರ್ ಬದಲಿಸುವ ಕಾರು ತಂದ ಮೇಲೆ, ಕ್ರಮೇಣ ಎಡಗಾಲಿಗೆ ಕ್ಲಚ್ಚಿನ ಕೆಲಸ ತಪ್ಪಿತು. ಬಿಡುವಾದ ಕಾಲು ಬ್ರೇಕಿಗೆ ಬಂತು. ಗೋ-ಕಾರ್ಟಿನಲ್ಲಿ ಬೆಳೆದವರಿಗೆ ಅದು ಹೊಸದೇನೂ ಅಲ್ಲ, ಕಾರ್ಟಿನಲ್ಲಿ ಇರುವುದೇ ಎರಡು ಪೆಡಲ್, ಎಡಗಾಲಿಗೊಂದು, ಬಲಗಾಲಿಗೊಂದು.

ಹಿಮ, ರೇಸ್ ಟ್ರ್ಯಾಕ್, ಕಾರ್ಟ್, ಮೂರಕ್ಕೂ ಕಾರಣವಿದೆ. ಹಾಸನದ ರಸ್ತೆಗೆ ಇಲ್ಲ. ‘ಕಾಲು ಬದಲಿಸುವ ಸಮಯ ಉಳಿಯುತ್ತದಲ್ಲ’ ಎಂದು ಯಾರಾದರೂ ವಾದಿಸಬಹುದು. ಲೆಕ್ಕ ಸುಳ್ಳಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 0.2 ಸೆಕೆಂಡ್ ಉಳಿದರೆ ಐದೂವರೆ ಮೀಟರ್ ಮೊದಲೇ ಬ್ರೇಕ್ ಬೀಳುತ್ತದೆ. ಆದರೆ ಅದಕ್ಕಾಗಿ ಎಡಗಾಲು ಸದಾ ಬ್ರೇಕಿನ ಮೇಲೆ ತೂಗಾಡುತ್ತಿರಬೇಕು. ತೂಗಾಡುವ ಕಾಲು ದಣಿದು ಪೆಡಲಿನ ಮೇಲೆ ಕೂರುತ್ತದೆ. ಹಿಂದಿನ ಕೆಂಪು ದೀಪ ಉರಿಯುತ್ತಲೇ ಇದ್ದರೆ ನೀವು ನಿಜಕ್ಕೂ ಯಾವಾಗ ನಿಲ್ಲುತ್ತೀರೆಂದು ಹಿಂದಿನವರಿಗೆ ತಿಳಿಯುವುದಿಲ್ಲ. ಶಿರಾಡಿ ಘಾಟಿಯಂಥ ಇಳಿಜಾರಿನಲ್ಲಿ ಹೀಗೆ ಇಳಿದರೆ ಬ್ರೇಕ್ ಕಾದು ಹಿಡಿತವೇ ಕುಂದಬಹುದು. ಗಾಬರಿಯಲ್ಲಿ ಮೈ ಸೆಟೆದುಕೊಂಡಾಗ ಎರಡೂ ಕಾಲು ಒಟ್ಟಿಗೆ ಒತ್ತುವ ಅಪಾಯ ಬೇರೆ. ಹಾಗೆ ಒತ್ತಿದರೆ ಎಂಜಿನ್ ಶಕ್ತಿ ತಗ್ಗಿಸುವ ವ್ಯವಸ್ಥೆ ಈಚಿನ ಹಲವು ಕಾರುಗಳಲ್ಲಿದೆ, ಆದರೆ ಅದನ್ನು ನಂಬಿ ಅಭ್ಯಾಸ ಕಟ್ಟಿಕೊಳ್ಳಬಾರದು. ಬಲಗಾಲಿನ ತೊಂದರೆಯಿಂದ ಮಾರ್ಪಡಿಸಿದ ಕಾರು ಓಡಿಸುವವರ ಮಾತು ಬೇರೆ. ನಿಮ್ಮ ಮಟ್ಟಿಗೆ ತೀರ್ಮಾನ ಒಂದೇ: ರಸ್ತೆಯಲ್ಲಿ ಬ್ರೇಕ್ ಬಲಗಾಲಿನದು, ಗೇರ್ ಕಾರಿರಲಿ, ಆಟೊಮ್ಯಾಟಿಕ್ ಇರಲಿ.

ಹಾಗಾದರೆ ಎರಡು ಅಭ್ಯಾಸ ಒಂದೇ ಮೈಯಲ್ಲಿ ಇರಬಹುದೆ? ನಿಮ್ಮ ಭಯದ ಬೇರು ಇಲ್ಲಿದೆ. ನಮ್ಮ ಕಡೆಯ ಹಳೆಯ ಬುಲೆಟ್ ಓಡಿಸಿದವರನ್ನು ಕೇಳಿ. ಅದರಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ, ಬೇರೆ ಬೈಕುಗಳಿಗೆ ಪೂರ್ತಿ ತಿರುಗುಮುರುಗು. ಒಂದೇ ಮನೆಯಲ್ಲಿ ಬುಲೆಟ್ಟೂ ಇನ್ನೊಂದು ಬೈಕೂ ಇಟ್ಟುಕೊಂಡು ಬೆಳಿಗ್ಗೆ ಇದು, ಸಂಜೆ ಅದು ಓಡಿಸಿದವರಿದ್ದರು. ಅಷ್ಟು ದೂರ ಯಾಕೆ, ಗೇರಿಲ್ಲದ ಸ್ಕೂಟರಿನಲ್ಲಿ ಎಡಗೈಗೆ ಬ್ರೇಕ್, ಬೈಕಿನಲ್ಲಿ ಅದೇ ಕೈಗೆ ಕ್ಲಚ್. ಎರಡನ್ನೂ ಓಡಿಸುವವರು ಯೋಚಿಸದೆ ಬದಲಾಯಿಸಿಕೊಳ್ಳುತ್ತಾರೆ. ಸೀಟು, ಹ್ಯಾಂಡಲ್, ಎಂಜಿನ್ನಿನ ಸದ್ದು, ಇವೇ ಮೈಗೆ ‘ಇದು ಆ ಗಾಡಿ’ ಎಂದು ಹೇಳುತ್ತವೆ. ತಪ್ಪುಗಳು ಬರುವುದು ಹೊಸ ಅಭ್ಯಾಸ ಇನ್ನೂ ಹಸಿಯಾಗಿದ್ದಾಗ. ನೀವೀಗ ಸರಿಯಾಗಿ ಆ ಹಂತದಲ್ಲಿದ್ದೀರಿ.

ಆದ್ದರಿಂದ ಎರಡು ಜಾಗಗಳನ್ನು ಮೈಗೆ ಸ್ಪಷ್ಟವಾಗಿ ಬೇರೆ ಮಾಡಿಕೊಡಿ. ಸಿಮ್ಯುಲೇಟರಿಗೆ ಬರೀ ಸಾಕ್ಸ್, ಕಾರಿಗೆ ಯಾವಾಗಲೂ ಶೂ. ಕೆಲವು ವಾರ, ಸಿಮ್ಯುಲೇಟರಿನಿಂದ ಎದ್ದ ದಿನ ಕಾರಿನ ಕೀ ಮುಟ್ಟಬೇಡಿ. ಕಾರು ಹತ್ತಿದ ಕೂಡಲೇ, ಸ್ಟಾರ್ಟ್ ಮಾಡುವ ಮುನ್ನ, ಎಡಗಾಲನ್ನು ಎಡತುದಿಯ ಫುಟ್‌ರೆಸ್ಟ್ ಮೇಲೆ ಒತ್ತಿ ಇಡಿ, ಆಟೊಮ್ಯಾಟಿಕ್ಕಿನಲ್ಲಿ ಇಳಿಯುವ ತನಕ ಅದು ಅಲ್ಲೇ ಇರಲಿ. ಜೋರು ಬ್ರೇಕಿನಲ್ಲಿ ಮೈಯನ್ನು ಸೀಟಿಗೆ ಆನಿಸಿ ಹಿಡಿಯುವ ಕೆಲಸವೂ ಆ ಕಾಲಿನದೇ. ಆಮೇಲೆ ಅನುಮತಿ ಪಡೆದು, ಜನ ಇಲ್ಲದ ಖಾಲಿ ಮೈದಾನದಲ್ಲಿ 30 ಕಿಲೋಮೀಟರ್ ವೇಗದಿಂದ ಬಲಗಾಲಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿ ನಿಲ್ಲಿಸುವುದನ್ನು ಹದಿನೈದಿಪ್ಪತ್ತು ಸಲ ಮಾಡಿ. ಎಬಿಎಸ್ ಕೆಲಸ ಮಾಡಿದರೆ ಪೆಡಲ್ ಪಾದದಡಿ ಅದುರುತ್ತದೆ, ಆಗಲೂ ಕಾಲು ತೆಗೆಯಬೇಡಿ. ‘ಇಕ್ಕಟ್ಟಿನಲ್ಲಿ ಯಾವ ಕಾಲು ಹೋಗುತ್ತದೋ’ ಎಂಬ ಪ್ರಶ್ನೆಗೆ ಉತ್ತರ ತಲೆಯಲ್ಲಿಲ್ಲ, ಆ ಮೈದಾನದಲ್ಲಿದೆ.

ಸಿಮ್ಯುಲೇಟರಿನ ಸೋಲಿಗೂ ಮದ್ದಿದೆ. ಲೋಡ್ ಸೆಲ್ ಅಳೆಯುವುದು ಪೆಡಲ್ ಎಷ್ಟು ದೂರ ಹೋಯಿತು ಎಂದಲ್ಲ, ಎಷ್ಟು ಬಲ ಬಿತ್ತು ಎಂದು. ದೂರಕ್ಕಿಂತ ಬಲವನ್ನು ನೆನಪಿಡುವುದು ಸುಲಭ ಎಂಬುದು ಆಡುವ ಹಲವರ ಅನುಭವ, ನಿಮ್ಮ ಆಯ್ಕೆ ಸರಿಯಾದದ್ದೇ. ಆದರೆ 60 ಕೆಜಿ ಕಲಿಯುವ ಕಾಲಿಗೆ ಹೆಚ್ಚು. 30ಕ್ಕೆ ಇಳಿಸಿ. ಹಿಮ್ಮಡಿ ನೆಲಕ್ಕೂರಿ, ಪಾದದ ಉಬ್ಬಿನಲ್ಲಿ ಒತ್ತಿ. ಒಂದೇ ಕಾರು, ಒಂದೇ ಟ್ರ್ಯಾಕ್. ಲ್ಯಾಪ್ ಸಮಯ ನೋಡಬೇಡಿ, ನೀವು ಒತ್ತಿದ ಬಲವನ್ನು ಪರದೆಯ ಮೇಲೆ ತೋರಿಸುವ ಬ್ರೇಕಿನ ಗೆರೆ ನೋಡಿ. ಅದು ಚೂಪಾಗಿ ಏರಿ, ತಿರುವಿನೊಳಗೆ ಹೋಗುತ್ತಾ ನಿಧಾನವಾಗಿ ಇಳಿಯಬೇಕು. ರೆಕ್ಕೆಯಿರುವ ರೇಸ್ ಕಾರಿಗೆ ವೇಗ ಹೆಚ್ಚಿದ್ದಾಗ ಗಾಳಿಯ ಒತ್ತಡದಿಂದ ಹಿಡಿತ ಜಾಸ್ತಿ, ವೇಗ ಇಳಿದಂತೆ ಹಿಡಿತವೂ ಕಡಿಮೆ. ನೀವು ಕೊನೆಯವರೆಗೂ ಒಂದೇ ಬಲದಲ್ಲಿ ಒತ್ತುತ್ತಿದ್ದೀರಿ ಎಂದು ನನ್ನ ಊಹೆ, ಚಕ್ರ ಲಾಕ್ ಆಗುವುದು ಅದಕ್ಕೇ. ಬಲವನ್ನು ಅಳೆದು ಒತ್ತುವುದನ್ನು ಬಲಗಾಲಿಗೆ ಕಾರಿನ ಕುಲುಕಾಟವೇ ಹೇಳಿಕೊಟ್ಟಿತ್ತು. ರೂಮಿನ ಕುರ್ಚಿ ಕುಲುಕುವುದಿಲ್ಲ, ಎಡಗಾಲು ಕಣ್ಣು ಕಿವಿಗಳಿಂದಲೇ ಕಲಿಯಬೇಕು. ಎರಡು ತಿಂಗಳು ಸಾಲದು. ಕ್ಲಚ್ ಇರುವ ಹಳೆಯ ಕಾರುಗಳನ್ನು ಆಡುವಾಗ ಬಲಗಾಲಲ್ಲೇ ಬ್ರೇಕ್ ಹಾಕಿ, ಆ ಅಭ್ಯಾಸವೂ ಉಳಿಯಲಿ. ಎಡಗಾಲ ಬ್ರೇಕನ್ನು ನಿಜವಾಗಿ ಅನುಭವಿಸುವ ಆಸೆಯಿದ್ದರೆ ಬೆಂಗಳೂರಿನ ಯಾವುದಾದರೂ ಕಾರ್ಟ್ ಟ್ರ್ಯಾಕಿಗೆ ಹೋಗಿ. ಅಪ್ಪನ ಕಾರಿನಲ್ಲಿ ಮಾತ್ರ ಬೇಡ.

ಸೆಟ್ ಮಾರಬೇಡಿ. ಮುಂದಿನ ಸಲ ಊರಿಗೆ ಹೋದಾಗ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಮೈದಾನಕ್ಕೆ ಹೋಗಿ, ಪ್ರತಿ ಸಲವೂ ಬಲಗಾಲು ಬ್ರೇಕಿಗೆ ಹೋಗುವುದನ್ನು ಅವರೇ ನೋಡಲಿ. ಆಮೇಲೆ ಅಮ್ಮನನ್ನು ಕರೆದುಕೊಂಡು ಒಂದು ಸುತ್ತು ಹೋಗಿಬನ್ನಿ, ಬೆಲ್ಟ್ ಹಾಕಿಸಿ.